ಒತ್ತು

ಒತ್ತಬೇಡ, ಸಗಾಯಿ.
ಬ್ರಷ್ಷು ನಿನ್ನದಲ್ಲ, ಗೋಡೆಯದು ಅಂದ್ಕೋ.
ತಂತಿ ಬ್ರಷ್ಷನ್ನ ಬಕೆಟ್ಟಿನ ಹಿಂದೆ ಇಡು,
ಎಂಜಿನಿಯರ್ ಸಾಹೇಬರ ಕಣ್ಣಿಗೆ ಬೀಳದ ಹಾಗೆ.
ಅವರಿಗೆ ಅದೇ ಇಷ್ಟ. ತಂತಿ, ಇಲ್ಲಾ ಆಸಿಡ್ಡು:
‘ಸಂಜೆಯೊಳಗೆ ಮುಗಿಸ್ರೀ, ನಾಳೆ ಇನ್‌ಸ್ಪೆಕ್ಷನ್.’
ಆಸಿಡ್ಡು ಬಣ್ಣ ಬಿಟ್ಟು ಸುಣ್ಣ ತಿನ್ನುತ್ತೆ,
ಅದನ್ನ ಅವರಿಗೆ ಯಾರು ಹೇಳೋದು.

ಚಾಮರಾಜಪೇಟೆ, ಸರ್ಕಾರಿ ಶಾಲೆಯ ಹಿಂಗೋಡೆ.
ಸೊಂಟದ ತನಕ ಸಾದರಹಳ್ಳಿ ಕಲ್ಲು,
ಮೇಲೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಗಾರೆ.
ಅರೆದವರು ಎಲ್ಲಿ ಹೋದರೋ,
ಗಾರೆ ಇನ್ನೂ ಉಸಿರಾಡುತ್ತೆ.
ಅದರ ಮೇಲೆ ನೇರಳೆ ಸ್ಪ್ರೇ, ಮೊಳದುದ್ದ ಅಕ್ಷರ:

ಷಮೀಮ್ ಟೀಚರ್ ವಾಪಸ್ ಬನಿ

ಮೊದಲು ಮೂಲೆ. ಮಳೆನೀರಿನ ಪೈಪಿನ ಹಿಂದೆ
ಅಂಗೈ ಅಗಲದ ಜಾಗ. ಅಲ್ಲಿ ಹಚ್ಚು, ಅಲ್ಲಿ ಕಾಯಿ.
ಗೋಡೆ ಮುನಿಸಿಕೊಂಡರೆ ಅಲ್ಲೇ ಮುನಿಸಿಕೊಳ್ಳಲಿ.
ಸುತ್ತ ನೀರು ಕುಡಿಸು, ಕೆಳಗಿಂದ ಮೇಲಕ್ಕೆ.
ಬಾಯಾರಿದ ಗೋಡೆ ಬಣ್ಣವನ್ನೂ ಕುಡಿದುಬಿಡುತ್ತೆ.
ಟಾರ್ಪಾಲು ಹಾಸಿದೆಯಾ? ಈ ನೇರಳೆ ನೀರು ಮೋರಿಗೆ ಹೋಗಬಾರದು.
ಕನ್ನಡಕ. ಗ್ಲೌಸು. ಗಾಳಿ ಬೆನ್ನಿಗಿರಲಿ.
ವಾಸನೆ ತಲೆಗೆ ಹತ್ತಿದರೆ
ಹೊಂಗೆ ಮರದ ಕೆಳಗೆ ಹೋಗಿ ಕೂತ್ಕೋ, ನಾಚಬೇಡ,
ನಾನೂ ಕೂತವನೇ.

ಜೇಡಿಮಣ್ಣು, ಕಾಗದದ ತಿರುಳು, ಅಳತೆ ನೋಡಿ ದ್ರಾವಣ:
ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಸಡಿಲ.
ಬೆರಳು ದಪ್ಪ ಮೆತ್ತು. ಪ್ಲಾಸ್ಟಿಕ್ ಹೊದಿಸು.
ಇನ್ನು ಕಾಯೋದು. ಕೂಲಿ ಇರೋದೇ ಕಾಯೋದಕ್ಕೆ.

ಹೊದಿಸದೆ ಉಳಿದದ್ದನ್ನ ನಾನು ಓದುತ್ತೇನೆ.
ಇಪ್ಪತ್ತೆರಡು ವರ್ಷ ಬೋರ್ಡು ಬರೆದ ಕಣ್ಣು:
ಮಿಲಿಟರಿ ಹೋಟೆಲ್ಲು, ಹಲ್ಲಿನ ಡಾಕ್ಟರು,
ಲಾರಿ ಬೆನ್ನಿಗೆ ತಾಯಿಯ ಆಶೀರ್ವಾದ.
ಆಮೇಲೆ ಫ್ಲೆಕ್ಸ್ ಬಂತು. ಅಷ್ಟೆ.

ನೋಡು, ತಲೆಕಟ್ಟು ಬಲದಿಂದ ಎಡಕ್ಕೆ ತೆಳುವಾಗುತ್ತೆ.
ಎಡಚ ಇವನು.
‘ಟೀಚರ್’ ದಾಟಿದ ಮೇಲೆ ಸಾಲು ಇಳಿಜಾರು:
ಯಾರದೋ ಹೆಗಲ ಮೇಲೆ ನಿಂತಿದ್ದ, ಹೆಗಲು ಸೋತಿತು.
‘ಪ’ ಹತ್ತಿರ ಬಣ್ಣ ಸುರಿದಿದೆ,
ಅಲ್ಲಿ ಯೋಚಿಸಿದ.
ಷದ ಹೊಟ್ಟೆ ಮಾತ್ರ ಎಷ್ಟು ಚೆನ್ನಾಗಿ ಸೀಳಿದ್ದಾನೆ,
ನಾನು ಕಾಸು ತಗೊಂಡೂ ಹೀಗೆ ಸೀಳಲಿಲ್ಲ.
ಕೊನೆಗೆ ಒತ್ತಿಲ್ಲ. ಬರೀ ನಿ.
ಡಬ್ಬಿ ಮುಗಿಯಿತೋ, ವಾಚ್‌ಮನ್ ಸೀಟಿ ಊದಿದನೋ.

ಊಟದ ಬೆಲ್ಲಿಗೆ ಒಬ್ಬಳು ಹುಡುಗಿ ಬಂದು ನಿಂತಳು,
ಏಳನೇ ಕ್ಲಾಸು ಇರಬೇಕು.
ತಟ್ಟೆ ಬಲಗೈಲಿ. ಎಡಗೈಲಿ ಉಣ್ಣುತ್ತಿದ್ದಳು.
‘ಪೂರ್ತಿ ಹೋಗುತ್ತಾ ಅಂಕಲ್?’
ಒಣಗಿದರೆ ಕಾಣಲ್ಲ, ಅಂದೆ.
‘ಒದ್ದೆಯಾದರೆ?’
ಈ ಪ್ರಶ್ನೆ ಯಾವ ಎಂಜಿನಿಯರೂ ಕೇಳಿಲ್ಲ.
ಸ್ವಲ್ಪ, ಅಂದೆ.
ಸಾಂಬಾರು ಕಲಸುತ್ತಾ ಗೋಡೆ ನೋಡಿದಳು.
ಸುಮ್ಮನಿರಲಾರದೆ ಅಂದೆ:
ನಕ್ಕೆ ಒಂದು ಒತ್ತು ಬೇಕಿತ್ತು.
‘ಗೊತ್ತು,’ ಅಂದಳು, ‘ಹೊತ್ತಿರಲಿಲ್ಲ.’

ಸಗಾಯಿ ನನ್ನ ಮುಖ ನೋಡಿದಳು.
ನಾನು ಬಕೆಟ್ಟಿನ ಮುಖ ನೋಡಿದೆ.

ಎರಡನೇ ಮೆತ್ತು. ಮರದ ಕರಣೆಯಲ್ಲಿ ಎತ್ತಿದೆವು,
ಸಿಪ್ಪೆ ಬಿಡಿಸಿದ ಹಾಗೆ, ಒತ್ತದೆ.
ನೈಲಾನ್ ಬ್ರಷ್ಷು ವೃತ್ತ ವೃತ್ತ. ಸ್ಪಂಜು. ಮತ್ತೆ ನೀರು.
ಷಮೀಮ್ ಹೋಯಿತು, ಟೀಚರ್ ಹೋಯಿತು.
ಕೊನೆಯ ಬಕೆಟ್ ಎರಚಿದಾಗ
ಗಾರೆ ಕಪ್ಪಾಗಿ, ಒಳಗಿಂದ ಒಮ್ಮೆ
ತೆಳ್ಳಗೆ ನೇರಳೆ ಎದ್ದು ನಿಂತಿತು,
ಇಡೀ ಸಾಲು, ಇಳಿಜಾರಿನ ಸಮೇತ.

‘ಮಾಮಾ, ಬಿಸಿಲು ಬರ್ತಿದೆ,’ ಅಂದಳು ಸಗಾಯಿ.
ಮೂರು ಗಂಟೆಗೆ ಈ ಗೋಡೆಗೆ ತಿರುಗುತ್ತೆ.
ನನ್ನ ಹಳೆ ಎರಡಿಂಚಿನ ಬ್ರಷ್ಷು ಚೀಲದಲ್ಲಿತ್ತು,
ಯಾಕಿಟ್ಟುಕೊಂಡಿದ್ದೇನೋ.
ಬರೀ ನೀರಲ್ಲಿ ಅದ್ದಿ
ನಿ ಕೆಳಗೆ, ಬಲಕ್ಕೆ ಸ್ವಲ್ಪ ಸರಿಸಿ,
ಬಾಲ ಎಳೆದೆ.

ಎಂಜಿನಿಯರ್ ಬರುವಷ್ಟರಲ್ಲಿ
ಅದೂ ಒಣಗಿತ್ತು.