ಹನ್ನೆರಡು ದಿನಕ್ಕೊಮ್ಮೆ

ಅಂಕೋಲೆ ದಾಟಿ ಕಾರವಾರದ ಕಡೆ ಹೊರಟರೆ
ಎಡಕ್ಕೆ ಹೊಳೆ, ಬಲಕ್ಕೆ ಜಟಗನ ಗುಡ್ಡ.
ಹೆದ್ದಾರಿಗೆಂದು ಅದರ ಕಾಲು ಕಡಿದು ಏಳು ವರ್ಷ,
ಗಾಯ ಇನ್ನೂ ಮಾಗಿಲ್ಲ,
ಮಳೆ ಬಿದ್ದಾಗೆಲ್ಲ ಕೆಂಪಗೆ ಒಸರುತ್ತದೆ.
ತಿರುವಿನಲ್ಲಿ ಬೊಮ್ಮಿ ಗೌಡಳ ಚಾ ಅಂಗಡಿ.

ನಾನು ಆ ಗುಡ್ಡದ ಲೆಕ್ಕ ಬರೆಯುವವ.
ಬಿರುಕಿಗೆ ಅಡ್ಡ ಬಿಗಿದ ತಂತಿ ನನ್ನದು,
ಮಣ್ಣೊಳಗಿನ ನೀರು ಎಷ್ಟು ಏರಿತೆಂದು
ಕೊಳವೆಯಲ್ಲಿ ಕಿವಿಯಿಟ್ಟು ಕೂತ ಡಬ್ಬಿ ನನ್ನದು,
ಶಾಲೆಯ ತಾರಸಿಯ ಮಳೆಮಾಪಕ ನನ್ನದು.
ಹನ್ನೆರಡು ದಿನಕ್ಕೊಮ್ಮೆ ನೆತ್ತಿಯ ಮೇಲೆ ಹಾಯುವ ಉಪಗ್ರಹ ಮಾತ್ರ
ಯಾರದೋ.
ಕತ್ತಲಲ್ಲೂ ನೋಡುತ್ತದೆ, ಮೋಡ ತೂರಿಯೂ ನೋಡುತ್ತದೆ,
ಮರವಿದ್ದಲ್ಲಿ ಕುರುಡು.
ಎಲೆ ಅಲುಗಿದರೂ ಅದಕ್ಕೆ ಗುಡ್ಡವೇ ಅಲುಗಿದ ಗೊಂದಲ.
ಅದಕ್ಕೆಂದೇ ಅಲ್ಯೂಮಿನಿಯಂ ತಗಡು ಮೂರು ಜೋಡಿಸಿ
ಇಳಿಜಾರಿನಲ್ಲಿ ನೆಟ್ಟೆ,
ಆಕಾಶಕ್ಕೆ ಬಾಯಿ ತೆರೆದ ಮೊರ.
ಮೇಲಿಂದ ಬಂದ ಅಲೆ ಬಂದಲ್ಲಿಗೇ ಮರಳುತ್ತದೆ,
ನನ್ನ ಪರದೆಯಲ್ಲಿ ಒಂದು ಚುಕ್ಕಿ ಹೊಳೆಯುತ್ತದೆ.

ತರಬೇತಿಯಲ್ಲಿ ಹೊರದೇಶದ ಜ್ವಾಲಾಮುಖಿ ತೋರಿಸಿದ್ದರು.
ಉಗುಳುವ ಮೊದಲು ಬೆಟ್ಟ ಉಬ್ಬುತ್ತದಂತೆ
ಕೆಂಡದ ಮೇಲಿನ ರೊಟ್ಟಿಯ ಹಾಗೆ.
ನಕ್ಷೆಯ ತುಂಬ ಬಣ್ಣದ ಬಳೆಗಳು, ಒಂದರೊಳಗೊಂದು.
ಚಂದವಿತ್ತು, ಸುಳ್ಳೇಕೆ ಹೇಳಲಿ.
ನಮ್ಮ ಗುಡ್ಡದ ಹೊಟ್ಟೆಯಲ್ಲಿ ಬೆಂಕಿಯಿಲ್ಲ,
ಇರುವುದು ಚಿರೇಕಲ್ಲು, ಅದರಡಿ ಜೇಡಿ,
ಜೇಡಿಯ ಸಂದಿನಲ್ಲಿ ಆಷಾಢದ ನೀರು.
ಬಳೆಯಿಲ್ಲ, ಬಣ್ಣವಿಲ್ಲ.
ತಿಂಗಳಿಗೆ ಅರೆ ಮಿಲಿಮೀಟರ್,
ಉಗುರು ಇದಕ್ಕಿಂತ ಬೇಗ ಬೆಳೆಯುತ್ತದೆ.

ಜುಲೈ ಒಂಬತ್ತಕ್ಕೆ ಚುಕ್ಕಿ ಆರಿತು.
ತಂತಿ ಸುಮ್ಮನಿತ್ತು. ಕೊಳವೆ ಸುಮ್ಮನಿತ್ತು.
ಬೈಕು ಹತ್ತಿ, ರೇನ್‌ಕೋಟಿನೊಳಗೆ ಬೆವರುತ್ತ ಹೋದೆ.
ತಗಡಿನ ಮೊರದಲ್ಲಿ ಗೋಣಿ ಹಾಸಿ
ಬೂಸು ಹಿಡಿದ ಒಣಶೆಟ್ಲಿ ಹರವಿದ್ದಳು ಬೊಮ್ಮಿ.
ಬೋಲ್ಟು ಸಡಿಲಿಸಿ ಮೊರವನ್ನೇ ತಿರುಗಿಸಿದ್ದಳು.
"ಇದನ್ನ ಎಂತಕೆ ತಿರುಗಿಸಿದ್ದು ಅಕ್ಕಾ?"
"ಬಿಸಿಲು ಆ ಬದಿಗಿತ್ತಲ್ಲಾ ತಮಾ."

ನಾನು ಬೈದೆ. ಸರಕಾರಿ ಸೊತ್ತು ಎಂದೆ.
ಮಿಲಿಮೀಟರ್ ಎಂದರೇನು ಗೊತ್ತುಂಟಾ ಎಂದೆ.
ಅವಳು ಕೈ ಒರೆಸಿಕೊಂಡು
ಅಂಗಡಿಯ ಹಿಂಬಾಗಿಲಿಗೆ ಕರೆದೊಯ್ದಳು.
ಸಗಣಿ ನೆಲದಲ್ಲಿ ಬಾಗಿಲು ಕೊರೆದ ಕಮಾನು,
ವರ್ಷಕ್ಕೊಂದು, ಒಂದಕ್ಕಿಂತ ಒಂದು ಗಿಡ್ಡ.
ಚೌಕಟ್ಟಿನ ಮೇಲೆ ಇದ್ದಿಲಗೀರು:
"ಇದು ಮೊಮ್ಮಗಳು ಹುಟ್ಟಿದಾಗ. ಇದು ಆಚೆ ಹಬ್ಬಕ್ಕೆ.
ಇದು ಹೋದ ಸೋಮವಾರ."
ಟೇಪು ಹಿಡಿದೆ. ಹತ್ತೊಂಬತ್ತು ಮಿಲಿಮೀಟರ್, ಒಂದೇ ವರ್ಷಕ್ಕೆ.
ಉಪಗ್ರಹ ಹೇಳಿದ್ದು ಆರು.
ತಿರುವಿನಲ್ಲಿ ಗುಡ್ಡ ದಕ್ಷಿಣಕ್ಕೆ ಜರುಗುತ್ತಿತ್ತು.
ಧ್ರುವದಿಂದ ಧ್ರುವಕ್ಕೆ ಓಡುವ ಅದಕ್ಕೆ
ತನ್ನ ದಾರಿಯುದ್ದಕ್ಕೆ ಸರಿದದ್ದು ಕಾಣುವುದೇ ಕಡಿಮೆ.

"ಕುಸಿದರೆ ಎಲ್ಲೀವರೆಗೆ ಬರ್ತದೆ?"
ನೂರಿಪ್ಪತ್ತು ಹೆಜ್ಜೆ, ಅಂದಾಜಿಗೆ, ಎಂದೆ.
ಸೆರಗು ಸಿಕ್ಕಿಸಿ ಅವಳು ಎಣಿಸುತ್ತ ನಡೆದಳು.
ರಸ್ತೆ ದಾಟಿದಳು, ಲಾರಿಯೊಂದು ಹಾರ್ನು ಹೊಡೆಯಿತು.
ಅರವತ್ತನಾಲ್ಕಕ್ಕೆ ಹೊಳೆ ಬಂತು.
ಅಲ್ಲೇ ನಿಂತು, ತಿರುಗಿ ನನ್ನನ್ನು ನೋಡಿದಳು.

ವರದಿಯಲ್ಲಿ ಉಪಕರಣದ ಹೆಸರು ಎಂಬ ಮನೆಯಲ್ಲಿ
ಬಾಗಿಲು ಎಂದು ಬರೆದೆ.
ಕಚೇರಿ ಕೆಂಪು ಶಾಯಿಯಲ್ಲಿ ವಾಪಸು ಕಳಿಸಿತು,
ಜೊತೆಗೆ ಅಂಗಡಿಗೆ ಅಂಟಿಸಲು ಒಂದು ನೋಟೀಸು.
ಅಂಟಿಸಿದೆ. ಅದರ ಮೇಲೆಯೇ
ಅವಳು ಗುಟ್ಕಾ ಮಾಲೆ ತೂಗುಹಾಕಿದಳು.
ಮುಂದಿನ ಸುತ್ತಿಗೆ ಚುಕ್ಕಿ ಮತ್ತೆ ಹತ್ತಿತು,
ತಗಡಿನಲ್ಲಿ ಶೆಟ್ಲಿಯ ವಾಸನೆ ಮಾತ್ರ ಉಳಿದಿತ್ತು.

ಹನ್ನೆರಡು ದಿನಕ್ಕೊಮ್ಮೆ ಈಗ ನಾನೇ ಫೋನು ಮಾಡುತ್ತೇನೆ.
ನಿನ್ನೆ ಅವಳ ದನಿಯಲ್ಲಿ ಗೆಲುವಿತ್ತು:
"ಬಾಗಿಲು ಸಲೀಸಾಯ್ತು ತಮಾ,
ಆಚಾರಿ ಬಂದು ಅರೆಬೆರಳು ಕೆತ್ತಿ ಹೋದ."

ವಹಿ ತೆರೆದು
ಹೊಸ ತಾರೀಖಿನೆದುರು ಸೊನ್ನೆ ಬರೆದೆ.
ಹೊರಗೆ ಮಳೆ ಹಿಡಿದಿತ್ತು.