ಚಾಲಕ ಮುರ್ಮಾನನ ಹೇಳಿಕೆ

ಬರೆದುಕೊಳ್ಳಿ. ಹೆಸರು ಮುರ್ಮಾನ್, ಊರು ಕುತೈಸಿ,
ಆಹಾರ ಸುರಕ್ಷತಾ ಇಲಾಖೆಯ ಬಿಳಿ ವ್ಯಾನಿಗೆ
ಒಂಬತ್ತು ವರ್ಷದಿಂದ ಚಾಲಕ.
ಲಮಾರಾ ಮೇಡಂ ಹಿಂದಿನ ಸೀಟಿನಲ್ಲಿ ಕೂರುವವರಲ್ಲ.
ನನ್ನ ಪಕ್ಕ ಕೂತು ಸೂರ್ಯಕಾಂತಿ ಬೀಜ ಕಡಿಯುತ್ತ
ಸಿಪ್ಪೆಯನ್ನು ತಮ್ಮ ಕೋಟಿನ ಜೇಬಿಗೇ ಹಾಕಿಕೊಳ್ಳುವರು.
ಗಾಡಿಯಲ್ಲಿ ಒಂದು ಸಿಪ್ಪೆ ಬಿದ್ದದ್ದು ನಾ ಕಾಣೆ.

ದಾಚಿಗೆ ನಾಲ್ಕು ವರ್ಷ.
ಕಲಿತ ಮಾತು ಒಂದೊಂದೇ ಮರೆಯತೊಡಗಿದ್ದ.
ರಕ್ತ ನೋಡಿದ ಡಾಕ್ಟರು ಚೀಟಿಯಲ್ಲಿ ಬರೆದದ್ದು ಒಂದೇ ಪದ:
ಸೀಸ.

ಮೇಡಂ ಕೈಯಲ್ಲಿ ಬಂದೂಕಿನಂಥದೊಂದು ಯಂತ್ರ.
ಗುಂಡಿಲ್ಲ; ಕಾಣದ ಬೆಳಕು ಬಿಟ್ಟು
ಯಾವುದರೊಳಗೆ ಏನಿದೆ ಅಂತ ಅಂಕಿಯಲ್ಲಿ ಹೇಳುತ್ತದೆ.
ಗೋಡೆಗೆ ಹಿಡಿದರು, ನಲ್ಲಿಗೆ, ತೊಟ್ಟಿಲ ಬಣ್ಣಕ್ಕೆ.
ಅಜ್ಜನ ಗಾಳದ ಗುಂಡು ತಕ್ಷಣ ತಪ್ಪೊಪ್ಪಿಕೊಂಡಿತು,
ಆದರೆ ಆ ಗಾಳ ಅಟ್ಟದಿಂದಿಳಿದು ಮೂರು ವರ್ಷ.
ಕೊನೆಗೆ ಒಲೆಯ ಮೇಲಿನ ಗೂಡಿನಿಂದ
ಅಜ್ಜಿ ನುನು ಹಳದಿ ಡಬ್ಬಿ ಇಳಿಸಿದಳು:
ಚೆಂಡುಹೂ ಒಣಗಿಸಿ ಬೀಸಿದ ಪುಡಿ, ಬಡವರ ಕೇಸರಿ.
ಅಕ್ರೋಟಿನ ಸಾರಿಗೆ ಇದು ಬೀಳದೆ ನಮ್ಮಲ್ಲಿ ಹಬ್ಬವಿಲ್ಲ.
ಅಂಕಿ ಬಂತು. ಮೇಡಂ ಇನ್ನೊಮ್ಮೆ ಹಿಡಿದರು.
ಇನ್ನೊಮ್ಮೆ.
“ಚೆನ್ನಾಗಿ ಬಣ್ಣ ಇದ್ದದ್ದೇ ಆರಿಸಿ ತಂದೆ,” ಅಂದಳು ಮುದುಕಿ,
“ಮಗು ತಿನ್ನುತ್ತಲ್ಲಾ ಅಂತ.”

ಆಮೇಲೆ ಹನ್ನೊಂದು ದಿನ.
ರಿಯೋನಿ ಹೊಳೆಯಾಚೆಯ ಹೂವಿನ ಹೊಲ: ಶುದ್ಧ.
ಸಂತೆಯ ಅರವತ್ತು ಡಬ್ಬಿಗಳಲ್ಲಿ ಐವತ್ತೆಂಟು ಶುದ್ಧ.
ಉಳಿದೆರಡು ಬೀಸಿದ್ದು ಒತಿಯಾನ ಗಿರಣಿಯಲ್ಲಿ.
ಒತಿಯಾ ಕಲ್ಲು ತೋರಿಸಿದ. ತೊಳೆದ ಕಲ್ಲು.
ಹೂವಿನಲ್ಲಿಲ್ಲದ್ದು ಪುಡಿಯೊಳಗೆ ಹೇಗೆ ಬಂತು?
“ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ,” ಅಂದು ನಕ್ಕರು
ಜಿಲ್ಲೆಯ ಸಾಹೇಬರು. ಕಡತಕ್ಕೆ ದಾರ ಕಟ್ಟಿ ಅಂದರು.
ನಾನು ಬರಿಯ ಚಾಲಕ.
ಎಡಕ್ಕೆ ಅಂದರೆ ಎಡಕ್ಕೆ.

ಮೇಡಂ ಕಲ್ಲು ಬಿಟ್ಟು ಕರೆಂಟಿನ ಮೀಟರು ಓದಿದರು.
ಹಗಲು ಬೀಸಿದ್ದಕ್ಕಿಂತ ಮೂರು ಪಾಲು ಹೆಚ್ಚು ಓಡಿತ್ತು.
“ರಾತ್ರಿ ಬೀಸುವವರು ಯಾರು, ಮುರ್ಮಾನ್?”
ನನ್ನನ್ನಲ್ಲ, ಎದುರಿನ ಗಾಜನ್ನು ಕೇಳಿದರು.
ವೈಪರು ಎರಡು ಸಲ ಆಡಿಸಿದೆ.
ಮಳೆ ಇರಲಿಲ್ಲ.

ಬರೆದುಕೊಳ್ಳಿ, ಈಗ ಹೇಳುವುದನ್ನೂ.
ನನ್ನ ತಂಗಿಯ ಗಂಡನಿಗೆ ರಸ್ತೆಗೆ ಗೆರೆ ಎಳೆಯುವ ಗುತ್ತಿಗೆ.
ಬಣ್ಣ ಅಗ್ಗಕ್ಕೆ ಸಿಗುತ್ತದೆ, ಹೆಂಟೆ ಕಟ್ಟಿದ್ದು; ಬೀಸಬೇಕು.
ರಾತ್ರಿ ವ್ಯಾನು ಸುಮ್ಮನೆ ನಿಂತಿರುತ್ತಿತ್ತು.
ಬಾಗಿಲ ಮೇಲೆ ಇಲಾಖೆಯ ಮುದ್ರೆ,
ಅದರ ಕೆಳಗೆ ‘ನಿಮ್ಮ ತಟ್ಟೆ ನಮ್ಮ ಹೊಣೆ’.
ಯಾವ ಪೊಲೀಸು ತಡೆದಾನು?
ಮೂಟೆ ಇಳಿಸಿ ಪ್ರತಿ ಸಲ ಗುಡಿಸಿದ್ದೇನೆ. ತೊಳೆದಿದ್ದೇನೆ.
ಕಲ್ಲನ್ನೂ ತೊಳೆಯುತ್ತೇನೆ ಅಂದಿದ್ದ ಒತಿಯಾ.
ಕಲ್ಲಿಗೆ ಎಷ್ಟು ಹಲ್ಲು, ಹಲ್ಲಿನ ಸಂದಿ ಎಷ್ಟು,
ನಾವು ಎಣಿಸಲಿಲ್ಲ.

ಹನ್ನೊಂದನೆಯ ದಿನ, ಚರ್ಚಿನ ಇಳಿಜಾರಿನಲ್ಲಿ,
ಒಂದು ಸಿಪ್ಪೆ ಮೇಡಂ ಕೈತಪ್ಪಿ ಕಾಲಬಳಿ ಬಿತ್ತು.
ಹೆಕ್ಕಲು ಬಾಗಿದರು.
ಬಾಗಿದವರು ಏಳಲಿಲ್ಲ.
ರಬ್ಬರು ಹಾಸಿನ ಅಂಚು ಎತ್ತಿದ್ದು ಕೇಳಿಸಿತು,
ಆಮೇಲೆ ಯಂತ್ರದ ಕಿರ್ ಸದ್ದು.
ಅಂಕಿಯನ್ನು ನನಗೂ ಕಾಣುವ ಹಾಗೆ ತಿರುಗಿಸಿ ಹಿಡಿದರು.
ಡಬ್ಬಿಯಲ್ಲೂ ಅಷ್ಟಿರಲಿಲ್ಲ.

“ನಿಲ್ಲಿಸಿ.”
ಎಲ್ಲಿ ಅಂತ ನೋಡದೆ ನಿಲ್ಲಿಸಿದೆ.
“ಇಲ್ಲಿ ನಿಲ್ಲಿಸುವ ಹಾಗಿಲ್ಲ,” ಅಂದರು, ಮೆಲ್ಲಗೆ.
ಇಣುಕಿದರೆ ಚಕ್ರದ ಕೆಳಗೆ ಹೊಸ ಹಳದಿ ಗೆರೆ,
ಹಸಿ ಹಸಿ, ಊರುದ್ದಕ್ಕೂ.

ಬೈಯಲಿಲ್ಲ. ಬೈದಿದ್ದರೆ ಏನಾದರೂ ಹೇಳುತ್ತಿದ್ದೆ.
ಆ ಸಿಪ್ಪೆ ಈ ಸಲ ಜೇಬಿಗೆ ಹೋಗಲಿಲ್ಲ,
ಲಕೋಟೆಗೆ ಹೋಯಿತು.
ನಂಬರು ಹಾಕಲು ಹೋದರು; ಪೆನ್ನು ಬರೆಯಲಿಲ್ಲ.
ನನ್ನದು ಕೊಟ್ಟೆ.