ಮಾಳಿಗಿ ಮ್ಯಾಲಿನ ಆಡು

ಮಂಗಳವಾರಕ್ಕೊಮ್ಮೆ ಬರತಾರ ಅವರು,
ಖೊಟ್ಟಿ ಕಾಡು ತುಂಬಿದ ಡಬ್ಬಿ ಹೊತಗೊಂಡು.
ಸ್ಪಿರಿಟ್ ಹಚ್ಚಿ ಒರಿಸಿ, ಹುಡುಗರ ಕಣ್ಣಿಗಿ ಕಟ್ಟತಾರ.
ಆಮ್ಯಾಲ ವಾರ್ಡಿನ್ಯಾಗ ಸಪ್ಪಳ ಇರಂಗಿಲ್ಲ.
ಆರು ಮಂಚ, ಆರು ಕೈ,
ಸಲೈನ್ ಸೂಜಿ ಇರದ ಕೈ,
ಗಾಳ್ಯಾಗ ಏನೋ ಸವರತಿರತಾವ.
ನೆಲ ಒರಸೂದು ಬಿಟ್ಟು ನಿಂತು ನೋಡೀನಿ:
ಒಬ್ಬಂವ ಆನಿ ಸೊಂಡಿಲು ಹಿಡದಾನ,
ಒಬ್ಬಾಕಿ ಮೊಲದ ಕಿವಿ.
ನನಗ ಕಾಣೂದು ಬರೇ ಫ್ಯಾನಿನ ನೆರಳು.

ಐದನೇ ಮಂಚದ ಭಾಗ್ಯವಂತಿ ಮಾತ್ರ
ಡಬ್ಬಿ ಹಣಿಗಿ ಏರಿಸಿ ಅಂದಳು:
"ಈ ನಾಯಿಗಿ ವಾಸನಿನೇ ಇಲ್ಲಲ್ಲ ಆಯಮ್ಮ,
ತೊಳದಿಟ್ಟಂಗ ಅದ."
ಎಂಟು ವರ್ಷದಾಕಿ. ತಲಿಮ್ಯಾಲ ಒಂದೂ ಕೂದಲಿಲ್ಲ.
ರಕ್ತದಾಗ ಏನೋ ಕಮ್ಮಿ ಆಗ್ಯಾದಂತ,
ಹೂವು ಸೈತ ಒಳಗ ತರಬಾರದಂತ.

ಚಿತ್ತಾಪುರದ ಆಚಿ ಅವರೂರು.
ನೆಟ್‌ವರ್ಕ್ ಬೇಕಂದ್ರ ಮಾಳಿಗಿ ಏರಬೇಕು.
ಅವರಣ್ಣ ಮಾಳಿಂಗರಾಯ ಆಡು ಹೆಗಲಮ್ಯಾಲ ಹೊತಗೊಂಡು
ನಿಚ್ಚಣಿಕಿ ಏರಿದ.
ಡಾಕ್ಟರಮ್ಮ ಕೊಟ್ಟದ್ದು ಹತ್ತು ಮಿನಿಟು,
ಏಳು ಏರೂದರಾಗೇ ಹೋದವು.
ಭಾಗಿ ಟೊಪಗಿ ಹುಬ್ಬಿನತನಕ ಎಳಕೊಂಡಳು,
"ಬೋಡತಲಿ ನೋಡಿದ್ರ ಗುರುತು ಹಿಡಿಯಂಗಿಲ್ಲ ಅದು."
ಆಮ್ಯಾಲ ನಾಲಿಗಿ ಮಡಚಿ ಕರದಳು:
ಟುರ್ರ್ ಟುರ್ರ್ ಚುಕ್ಕೀ, ಬಾ ಬಾ.
ನರ್ಸಿನ ಕೈಯಾಗಿನ ತಾಟು ಅಲಗಿತು.

ಅಲ್ಲಿ ಉರಿಬಿಸಲು. ಪರಸಿ ಕಲ್ಲು ಕಣ್ಣು ಕುಕ್ಕತಿತ್ತು.
ಆಡು ಒಂದೀಟು ನಿಂತು
ಫೋನಿನ ಹತ್ತರ ಬಂತು.
ಮೂಗು, ಬರೇ ಮೂಗು, ಆಮ್ಯಾಲ ಉಸುರು.
ಪರದಿ ಮಬ್ಬಾತು.
ನಾ ಸೆರಗಿಲೆ ಒರಿಸಿದೆ.
ಮತ್ತ ಒರಿಸಿದೆ. ಹೋಗಲಿಲ್ಲ.
ಭಾಗಿ ಬಿದ್ದು ಬಿದ್ದು ನಕ್ಕಳು:
"ಆಯಮ್ಮ, ಆ ಮಬ್ಬು ಊರಾಗ ಅದ!"
ಆ ದಿನ ಅರ್ಧ ರೊಟ್ಟಿ ಹೆಚ್ಚು ತಿಂದಳು.
ಚಾರ್ಟಿನ್ಯಾಗ ಅದನ್ನ ಬರಿಯೋ ಜಾಗ ಇಲ್ಲ.

ಮುಂದಿನ ವಾರ ಸೊಲ್ಲಾಪುರಕ್ಕ ಒಯ್ದರು ಆಕಿನ್ನ.
ದೊಡ್ಡ ದವಾಖಾನಿ, ಗಾಜಿನ ಖೋಲಿ,
ಫೋನು ಒಳಗ ಬಿಡಂಗಿಲ್ಲಂತ.
ಐದನೇ ಮಂಚಕ್ಕ ಹೊಸ ಚಾದರ ಹಾಸೀನಿ.

ನಿನ್ನಿ ರಾತ್ರಿ ಡ್ಯೂಟಿ. ಹತ್ತೂವರಿಗಿ ಫೋನು ಬಂತು.
ಮಾಳಿಂಗರಾಯ. ಗಾಳಿ ಸಪ್ಪಳ; ಮಾಳಿಗಿ ಮ್ಯಾಲೇ ಇದ್ದಾನ.
"ಮೂರು ದಿನ ಆತ್ರಿ, ತೊಗರಿ ಹೊಟ್ಟು ಮುಟ್ಟವಲ್ದು.
ಸೊಲ್ಲಾಪುರದಾಗ ಯಾರೂ ಎತ್ತವಲ್ರು.
ನೀವರೆ ಕರೀರಿ ಆಯಮ್ಮ, ಆಕಿ ಕರದಂಗ."

ವರಾಂಡದ ತುದಿಗಿ ಹೋದೆ, ಔಷಧ ಖೋಲಿ ಹಿಂದ.
ಐವತ್ತೆರಡು ವರ್ಷದಾಕಿ ನಾ,
ಆಕಡಿ ಈಕಡಿ ನೋಡಿ
ನಾಲಿಗಿ ಮಡಚಿ:
ಟುರ್ರ್ ಟುರ್ರ್ ಚುಕ್ಕೀ, ಬಾ ಬಾ.
ವಾಚ್‌ಮನ್ ಕೆಮ್ಮಿದ.
ಫೋನಿನ್ಯಾಗ ಬಾಳ ಹೊತ್ತು ಬರೇ ಗಾಳಿ.

"ಒಂದು ಕಿವಿ ಎತ್ತ್ಯಾದ್ರಿ," ಅಂದ.
"ಒಂದೇ."